ಮುಖಪರಿಚಯವಷ್ಟೇ ಇರುವ ಪದಗಳು

ಇಂಗ್ಲಿಷ್ ಪದಸಂಪತ್ತು ಹೆಚ್ಚಿಸಿಕೊಳ್ಳಲು ಹೊರಟವರು ಮೊದಲು ಹುಡುಕುವುದು ಯಾರೂ ಕೇಳಿರದ ಪದಗಳ ಪಟ್ಟಿಯನ್ನು. ನಾನು ಹಿಡಿದದ್ದು ಇನ್ನೊಂದು ತುದಿ. ಓದುವಾಗ ಕಣ್ಣಿಗೆ ಬಿದ್ದರೆ ‘ಇದು ಗೊತ್ತು’ ಎನಿಸುವ, ಬರೆಯಲು ಕುಳಿತರೆ ಮಾತ್ರ ಕೈಗೆ ಬಾರದ ಪದಗಳಿವೆಯಲ್ಲ, ಅವೇ ನನ್ನ ಪಟ್ಟಿ. ನನಗೂ ಅವುಗಳಿಗೂ ಇರುವುದು ಬರೀ ಮುಖಪರಿಚಯ. ಒಂದಿಷ್ಟು ವರ್ಷ ಇಂಗ್ಲಿಷ್ ಓದಿದ ಯಾರ ತಲೆಯಲ್ಲಾದರೂ ಇಂಥವು ರಾಶಿ ಬಿದ್ದಿರುತ್ತವೆ. ತೀರಾ ಅಪರಿಚಿತ ಪದವೊಂದಕ್ಕೆ ಪಡುವ ಪಾಡಿನಲ್ಲಿ ಇವುಗಳಲ್ಲಿ ಮೂರು ನಾಲ್ಕನ್ನು ದಕ್ಕಿಸಿಕೊಳ್ಳಬಹುದು.

ಹುಡುಕುವ ರೀತಿ ಸರಳ. ಓದುತ್ತಿರುವ ಪುಟದಲ್ಲಿ ಅಂಥ ಪದ ಕಂಡರೆ ಪುಸ್ತಕ ಮಗುಚಿ, ಅದೇ ಪದ ಬಳಸಿ ನನ್ನದೇ ಒಂದು ವಾಕ್ಯ ಹೇಳಿ ನೋಡುತ್ತೇನೆ. ತಡವರಿಸಿದರೆ ಪದ ನೋಟ್‌ಬುಕ್ಕಿಗೆ ಹೋಗುತ್ತದೆ. ಎಲ್ಲವೂ ಹೋಗುವುದಿಲ್ಲ, ಬೇರೆ ಬೇರೆ ಕಡೆ ಮತ್ತೆ ಮತ್ತೆ ಎದುರಾದದ್ದಕ್ಕೆ ಮಾತ್ರ ಪ್ರವೇಶ. ಪಟ್ಟಿಯ ಆಸರೆ ಬೇಕೇಬೇಕು ಎನ್ನುವವರಿಗೆ ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಇದೆ: 570 ಪದಕುಟುಂಬಗಳು (ಮೂಲ ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಕಾನೂನಿನಿಂದ ವಿಜ್ಞಾನದವರೆಗೆ ಹಲವು ವಿಷಯಗಳ ಬರಹಗಳಲ್ಲಿ ಎಷ್ಟು ಸಲ ಬರುತ್ತವೆ ಎಂದು ಎಣಿಸಿ ಆರಿಸಿದವು. ಅದರಲ್ಲಿ ಬೆರಗುಗೊಳಿಸುವ ಪದ ಒಂದೂ ಇಲ್ಲ. ನನ್ನ ಪಾಲಿಗೆ ಅದೇ ಅದರ ಹೆಚ್ಚುಗಾರಿಕೆ.

ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತೇನೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅಲೀವಿಯೇಟ್, ಮಿಟಿಗೇಟ್, ಅಲೇ, ಅಸ್ವೇಜ್ ಎಂಬ ನಾಲ್ಕು ಪದಗಳನ್ನು ತೆಗೆದುಕೊಳ್ಳಿ. ನಾಲ್ಕಕ್ಕೂ ‘ತಗ್ಗಿಸು, ಶಮನಗೊಳಿಸು’ ಎಂದು ಅರ್ಥ ಬರೆದು ಮುಂದೆ ಹೋಗಬಹುದು. ಅಷ್ಟನ್ನೇ ನಂಬಿ ಬರೆದ ವಾಕ್ಯದಲ್ಲಿ ವ್ಯಾಕರಣ ಸರಿಯಿರುತ್ತದೆ, ಓದುವವರ ಹುಬ್ಬು ಮಾತ್ರ ಗಂಟಾಗುತ್ತದೆ. ಹಾಗಾಗಿ ಅರ್ಥದ ಬದಲು ಅವು ಯಾರ ಜೊತೆ ಓಡಾಡುತ್ತವೆ ಎಂದು ಬರೆದಿದ್ದೇನೆ. ಅಲೀವಿಯೇಟ್ ಎದುರು ಪೇನ್, ಪಾವರ್ಟಿ, ಸಿಂಪ್ಟಮ್ಸ್. ಮಿಟಿಗೇಟ್ ಎದುರು ರಿಸ್ಕ್, ಇಂಪ್ಯಾಕ್ಟ್. ಅಲೇ ಎದುರು ಫಿಯರ್ಸ್, ಕನ್ಸರ್ನ್ಸ್, ಸಸ್ಪಿಷನ್. ಅಸ್ವೇಜ್ ಎದುರು ಗಿಲ್ಟ್, ಗ್ರೀಫ್. ಇಷ್ಟಾದರೆ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ: ಅನುಭವಿಸುತ್ತಿರುವ ನೋವು, ಬವಣೆ ಹಗುರಾಗುವುದು ಒಂದು, ಹಾನಿಯ ಪೆಟ್ಟನ್ನು, ಅದು ಇನ್ನೂ ಬರಬೇಕಾದದ್ದಾದರೂ, ಮೆತ್ತಗೆ ಮಾಡುವುದು ಇನ್ನೊಂದು, ಅಂಜಿಕೆ, ಅನುಮಾನ ನೀಗುವುದು ಮೂರನೆಯದು, ಒಳಗೇ ಕೊರೆಯುವ ಭಾವಕ್ಕೆ ಸಮಾಧಾನ ಸಿಗುವುದು ಕೊನೆಯದು. ಮಿಟಿಗೇಟ್ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮಿಲಿಟೇಟ್ ಎಂದೂ ಇದೆ. ನೋಡಲು ಅವಳಿ, ಸ್ವಭಾವ ಬೇರೆ. ಅದರ ಬೆನ್ನಿಗೇ ‘ಅಗೇನ್‌ಸ್ಟ್’ ಬರುತ್ತದೆ, ಒಂದು ಸಂಗತಿಗೆ ಅಡ್ಡವಾಗಿ ನಿಲ್ಲುವುದು ಎಂದರ್ಥ. ಹುಟ್ಟಾ ಇಂಗ್ಲಿಷ್ ಭಾಷಿಕರೂ ಇವೆರಡನ್ನು ಅದಲುಬದಲು ಮಾಡುವುದುಂಟು.

ಈ ಒಡನಾಟ ತಿಳಿಯಲು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬೇಕು. 1978ರ ಲಾಂಗ್‌ಮನ್ ನಿಘಂಟು ಸುಮಾರು 2000 ಸುಲಭ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ಹೇಳಿತು. 1987ರ ಕೋಬಿಲ್ಡ್ ಇನ್ನೂ ಮುಂದೆ ಹೋಗಿ ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಕೊಟ್ಟಿತು. ಯಾರು, ಏನನ್ನು ಎಂಬುದು ಅದರೊಳಗೇ ಬಂದುಬಿಡುತ್ತದೆ. ಸಮಾನಾರ್ಥಕ ಕೋಶವನ್ನು ಮರೆತ ಪದ ನೆನಪಿಸಿಕೊಳ್ಳಲು ಮಾತ್ರ ತೆರೆಯುತ್ತೇನೆ. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿ ತಂದು ಬರಹಕ್ಕೆ ಅಂಟಿಸುವುದು ಅಪಾಯದ ಕೆಲಸ.

ಮರೆವಿಗೆ ಉಪಾಯವಾಗಿ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ತಂತ್ರಾಂಶ ಇದೆ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಸೋರಿಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹೆರ್ಮನ್ ಎಬ್ಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದ. ಆ ಸೋರಿಕೆಗೆ ತಕ್ಕಂತೆ ಅಂತರ ಹೆಚ್ಚಿಸುತ್ತಾ ಕಾರ್ಡುಗಳನ್ನು ಮತ್ತೆ ಮುಂದೆ ತರುವುದು ಈ ತಂತ್ರಾಂಶದ ಕೆಲಸ. ಎಲ್ಲವೂ ಕಾರ್ಡಿನ ಮೇಲೆ ಏನಿದೆ ಎಂಬುದರ ಮೇಲೆ ನಿಂತಿದೆ. ಮುಂದುಗಡೆ ಪದ, ಹಿಂದುಗಡೆ ಅರ್ಥ ಎಂದು ಮಾಡಿದರೆ ಮುಖಪರಿಚಯ ಮುಖಪರಿಚಯವಾಗಿಯೇ ಉಳಿಯುತ್ತದೆ. ನನ್ನ ಕಾರ್ಡಿನ ಮುಂದುಗಡೆ ಓದಿದಲ್ಲಿಂದಲೇ ಎತ್ತಿಕೊಂಡ ವಾಕ್ಯ, ಪದದ ಜಾಗದಲ್ಲಿ ಖಾಲಿ ಗೆರೆ ಮತ್ತು ಮೊದಲ ಅಕ್ಷರ ಇರುತ್ತವೆ. ಪದವನ್ನು ನಾನೇ ಒಳಗಿನಿಂದ ಎಳೆದು ತರಬೇಕು.

ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತ, ನ್ಯಾಯ, ಅರಮನೆಯ ಮಾತುಗಳು ಫ್ರೆಂಚಿನಿಂದ ಹರಿದು ಬಂದವು, ವಿದ್ವತ್ತಿನವು ಲ್ಯಾಟಿನ್ನಿನಿಂದ. ಹಾಗಾಗಿ ಕಿಂಗ್ಲಿ, ರಾಯಲ್, ರೀಗಲ್ ಎಂದು ಒಂದೇ ಭಾವಕ್ಕೆ ಮೂರು ಪದರ. ಕನ್ನಡದಲ್ಲೂ ಸಂಸ್ಕೃತದಿಂದ ಬಂದ ಇಂಥದೇ ಪದರವಿದೆ: ನಾವು ನೀರು ಕುಡಿಯುತ್ತೇವೆ, ಜಲವನ್ನು ಕುಡಿಯುವುದಿಲ್ಲ. ತುಂಬುವುದು ಮಾತ್ರ ಜಲಾಶಯ. ಆಸ್ಕ್ ಎಲ್ಲಿ, ಇಂಟರಾಗೇಟ್ ಎಲ್ಲಿ ಎಂಬ ಪ್ರಶ್ನೆಗೆ ಬೇಕಾದ ಕಿವಿ ಅದೇ.

ಧಾತುಗಳೂ ನೆರವಾಗುತ್ತವೆ. ಕಾಲ ಎಂಬ ಅರ್ಥದ ಗ್ರೀಕ್ ‘ಕ್ರೋನೋಸ್’ ತಿಳಿದರೆ ಕ್ರಾನಿಕ್, ಸಿಂಕ್ರನೈಸ್, ಅನಾಕ್ರನಿಸಂ ಒಟ್ಟಿಗೇ ಸಾಲಾಗಿ ನಿಲ್ಲುತ್ತವೆ. ಆದರೆ ಇದನ್ನು ಹೆಚ್ಚು ಎಳೆಯಬಾರದು: ಔಟ್‌ರೇಜ್ ಎಂಬುದರಲ್ಲಿ ‘ಔಟ್’ ಕೂಡ ಇಲ್ಲ, ‘ರೇಜ್’ ಕೂಡ ಇಲ್ಲ, ಅದು ‘ಮಿತಿ ಮೀರಿದ್ದು’ ಎಂಬ ಹಳೆಯ ಫ್ರೆಂಚ್ ಪದ. ಉಚ್ಚಾರಣೆಯನ್ನು ಪದ ಬರೆದುಕೊಳ್ಳುವ ದಿನವೇ ಕೇಳಿಸಿಕೊಳ್ಳುತ್ತೇನೆ. ಎಪಿಟೋಮ್ ಅಲ್ಲ ಇಪಿಟಮಿ, ಹೈಪರ್‌ಬೋಲ್ ಅಲ್ಲ ಹೈಪರ್ಬಲಿ. ಕಣ್ಣಿನಿಂದಷ್ಟೇ ಕಲಿತರೆ ಇವು ಬಾಯಿಗೆ ಬರುವಾಗ ಕೈಕೊಡುತ್ತವೆ.

ಇಷ್ಟೆಲ್ಲ ಮಾಡಿದರೂ ಹೆಚ್ಚಿನ ಕೆಲಸ ಓದಿನದೇ. ಕಾದಂಬರಿ ಅಥವಾ ಪತ್ರಿಕೆಯ ನೂರು ಪದಗಳಲ್ಲಿ 98 ತಿಳಿಯಬೇಕಾದರೆ 8000ದಿಂದ 9000 ಪದಕುಟುಂಬಗಳು ಬೇಕು ಎಂದು ಪದಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಅಷ್ಟನ್ನೂ ಕಾರ್ಡಿಗೆ ಇಳಿಸಿ ಮುಗಿಸಲಾಗದು. ನಾನು ಒಂದೇ ವಿಷಯವನ್ನು ಹಿಡಿದು ಬೇರೆ ಬೇರೆಯವರು ಬರೆದದ್ದನ್ನು ಓದುತ್ತೇನೆ. ವಿಷಯ ಒಂದೇ ಆದ್ದರಿಂದ ಪದಗಳೂ ಸುತ್ತಿ ಸುತ್ತಿ ಬರುತ್ತವೆ, ಪ್ರತಿ ಸಲವೂ ಬೇರೆ ಜೊತೆಗಾರರ ನಡುವೆ.

ಆಗಾಗ ಕಾರ್ಡುಗಳನ್ನು ಅಳಿಸುತ್ತೇನೆ ಕೂಡ. ಪಲ್ಕ್ರಿಟ್ಯೂಡ್ ಹೋಯಿತು. ಚೆಲುವು ಎಂಬ ಅರ್ಥದ ಆ ಒರಟು ಪದ ಓದುವಾಗ ಗುರುತು ಸಿಕ್ಕರೆ ಸಾಕು. ಆ ಜಾಗಕ್ಕೆ ‘ಅಕೌಂಟ್ ಫಾರ್’ ಬಂದಿದೆ, ಮೂರು ಕಾರ್ಡುಗಳಾಗಿ: ಕಾರಣ ವಿವರಿಸುವುದು, ಒಟ್ಟಿನಲ್ಲಿ ಇಷ್ಟು ಪಾಲಾಗುವುದು, ಲೆಕ್ಕ ಒಪ್ಪಿಸುವುದು. ಎರಡನೆಯದರಲ್ಲಿ ಇನ್ನೂ ತಡವರಿಸುತ್ತೇನೆ.