ಒಂಟಿ ಕಾಲಿನಲ್ಲಿ ನಿಂತಿದ್ದ ಮೇಲ್ ಸರ್ವರ್

ನಮ್ಮ ಮೇಲ್ ಸರ್ವರಿನ ತಂತ್ರಾಂಶವಾದ ಪೋಸ್ಟ್‌ಫಿಕ್ಸ್‌ನ ಹೊಸ ಆವೃತ್ತಿ ಹಾಕಿದ ಮೂರನೆಯ ದಿನ ಲೆಕ್ಕಪತ್ರ ವಿಭಾಗದಿಂದ ದೂರು ಬಂತು: ಬಿಲ್ಲುಗಳು ಗ್ರಾಹಕರ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತಿವೆ. 'ಸ್ವಂತ ಸರ್ವರ್ ಸಾಕು ಮಾಡಿ, ನಮ್ಮ ಪರವಾಗಿ ಪತ್ರ ಕಳಿಸುವ ರಿಲೇ ಸೇವೆ ಕೊಳ್ಳಿ' ಎಂದರು ಎಲ್ಲರೂ. ನಾನು ಹಟ ಹಿಡಿದೆ.

ಹಟಕ್ಕೆ ಹಣವೂ ಹೋಯಿತು. ಸರ್ವರಿನ ಐಪಿ ವಿಳಾಸದ ಹೆಸರೇ ಕೆಟ್ಟಿದೆ ಎಂದುಕೊಂಡು ಹೊಸದನ್ನು ಬಾಡಿಗೆಗೆ ಹಿಡಿದೆ. ಹಳೆಯದು ಯಾವ ಕಪ್ಪುಪಟ್ಟಿಯಲ್ಲೂ ಇಲ್ಲವೆಂದು ನೋಡಿದ್ದು ಆಮೇಲೆ. ಗುರುತು ಪರಿಚಯವಿಲ್ಲದ ಐಪಿಯನ್ನು ಯಾರು ನಂಬುತ್ತಾರೆ? ಅದುವರೆಗೆ ಹತ್ತರಲ್ಲಿ ಆರು ಸ್ಪ್ಯಾಮಿಗೆ ಬೀಳುತ್ತಿದ್ದವು, ಈಗ ಎಂಟೊಂಬತ್ತು. ಸರ್ವರಿನ ಸುಮಾರು ನಾಲ್ಕು ತಿಂಗಳ ಬಾಡಿಗೆಯಷ್ಟು ದುಡ್ಡು ಹೊಳೆಗೆ ಸುರಿದಂತಾಯಿತು. ನಡುವೆ ಲೋಗೋ ತೆಗೆದು, ವಿಷಯದ ಸಾಲು ತಿದ್ದಿ ನಲವತ್ತೋ ಐವತ್ತೋ ಪತ್ರ ಕಳಿಸಿ ನೋಡಿದೆ. ಲೋಗೋ ಪಾಪದ್ದು, ಅದರ ತಪ್ಪೇನೂ ಇರಲಿಲ್ಲ.

ಹಾಗಾದರೆ ಉಳಿದ ನಾಲ್ಕು ಹೇಗೆ ಸರಿಯಾಗಿ ತಲುಪುತ್ತಿದ್ದವು? ಈ ಪ್ರಶ್ನೆ ಹೊಳೆದ ಮೇಲೆ ಹಳೆಯ ಐಪಿಗೆ ಮರಳಿ, ಜಿಮೇಲ್‌ಗೆ ಬಂದ ಒಂದು ಪತ್ರದ ಮೂಲ ಹೆಡರ್, ಅಂದರೆ ಪತ್ರ ಬಂದ ದಾರಿ ಮತ್ತು ತಪಾಸಣೆಗಳ ಟಿಪ್ಪಣಿ, ತೆರೆದೆ. ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಪತ್ರ ಕಳಿಸಬಹುದಾದ ವಿಳಾಸಗಳ ಪಟ್ಟಿ) ಸಾಫ್ಟ್‌ಫೇಲ್, ಅಂದರೆ ಪಟ್ಟಿಯಲ್ಲಿಲ್ಲ, ಅನುಮಾನಿಸಿ; ಪಕ್ಕದಲ್ಲಿ ಉದ್ದನೆಯ ಐಪಿವಿ6 ವಿಳಾಸ, ಹಳೆಯ ಐಪಿವಿ4ರ ನಂತರದ ಬಗೆ. ಹೊಸ ಸಂರಚನಾ ಫೈಲಿಗೆ ಹಳೆಯ ಸಾಲುಗಳನ್ನು ಎತ್ತಿಹಾಕುವಾಗ 'ಐಪಿವಿ4 ಮಾತ್ರ' ಎಂಬ ಒಂದು ಸಾಲನ್ನು ಬಿಟ್ಟಿದ್ದೆ. ಎದುರಿನವರಲ್ಲಿ ವಿ6 ಇದ್ದರೆ ಸರ್ವರ್ ಆ ದಾರಿಯನ್ನೂ ಹಿಡಿಯುತ್ತಿತ್ತು. ಎಸ್‌ಪಿಎಫ್ ದಾಖಲೆಯಲ್ಲಿ ಆ ವಿಳಾಸವೇ ಇಲ್ಲ. ಐಪಿಯಿಂದ ಸರ್ವರಿನ ಹೆಸರು ಹೇಳುವ ಪಿಟಿಆರ್ ದಾಖಲೆ ಎರಡಕ್ಕೂ ಸರಿಯಾಗಿತ್ತು, ಅದನ್ನು ನೋಡಿಯೇ ನಾನು ನೆಮ್ಮದಿಯಾಗಿದ್ದದ್ದು.

ಆದರೂ ಪತ್ರದ ಡಿಜಿಟಲ್ ಸಹಿ ಡಿಕೆಐಎಂ ಒಂದು ಸರಿಯಿದ್ದರೆ ಡಿಮಾರ್ಕ್ ದಾಟಬೇಕಿತ್ತಲ್ಲ! ಎಸ್‌ಪಿಎಫ್, ಡಿಕೆಐಎಂ ಎರಡರಲ್ಲಿ ಒಂದಾದರೂ ಸರಿಯಿದೆಯೇ ಎಂದು ನೋಡುವ, ಇಲ್ಲದಿದ್ದರೆ ಏನು ಮಾಡಬೇಕೆಂದು ಹೇಳುವ ನಿಯಮವೇ ಡಿಮಾರ್ಕ್. ಅದೇ ಹೆಡರಿನ ಕೆಳಗಿನ ಸಾಲು: 'ಬಾಡಿ ಹ್ಯಾಶ್ ಡಿಡ್ ನಾಟ್ ವೆರಿಫೈ', ಅಂದರೆ ಪತ್ರದ ಒಡಲು ಸಹಿಗೆ ಹೊಂದುತ್ತಿಲ್ಲ. ಪತ್ರಕ್ಕೆ ಸಹಿ ಬಿದ್ದ ಮೇಲೆ ನಮ್ಮದೇ ಫಿಲ್ಟರ್ ಅದರ ಬಾಲಕ್ಕೆ ಹಕ್ಕುತ್ಯಾಗದ (ಡಿಸ್‌ಕ್ಲೇಮರ್) ಒಕ್ಕಣೆ ಅಂಟಿಸುತ್ತಿತ್ತು. ಪತ್ರ ಪಡೆದವರ ಸರ್ವರುಗಳು ಕಳಿಸುವ ಡಿಮಾರ್ಕ್ ವರದಿಗಳ ಅಂಚೆಪೆಟ್ಟಿಗೆ ತೆರೆದರೆ ಓದದ ಜಿಪ್ ಫೈಲುಗಳು ಆರೇಳು ನೂರು. ಸಹಿ ಸತ್ತು ಎರಡು ವರ್ಷವಾಗಿತ್ತು. ಅಷ್ಟು ದಿನವೂ ಎಸ್‌ಪಿಎಫ್ ಎಂಬ ಒಂಟಿ ಕಾಲಿನ ಮೇಲೆ ನಿಂತಿದ್ದೆವು. ಇನ್ನೂ ಚೋದ್ಯವೆಂದರೆ ನಮ್ಮ ಡಿಮಾರ್ಕ್ ದಾಖಲೆಯಲ್ಲಿ 'ಕ್ವಾರಂಟೈನ್' ಎಂದಿತ್ತು. ನಮ್ಮ ಪತ್ರಗಳನ್ನು ಸ್ಪ್ಯಾಮಿಗೆ ಹಾಕಿ ಎಂದು ಲೋಕಕ್ಕೆಲ್ಲ ಹೇಳಿದ್ದವನು ನಾನೇ!

ಸಹಿ ಹಾಕುವ ಮಿಲ್ಟರ್ ಎಂಬ ಸಹಾಯಕ ತಂತ್ರಾಂಶವನ್ನು ಫಿಲ್ಟರಿನಿಂದ ಪತ್ರ ಮರಳಿ ಬರುವ 10025ನೆಯ ಪೋರ್ಟಿಗೆ ಸರಿಸಿದೆ, ಎಸ್‌ಪಿಎಫ್‌ಗೆ ವಿ6 ಸೇರಿಸಿದೆ. ಕೆಲಸ ಇಪ್ಪತ್ತು ನಿಮಿಷದ್ದು. ಆದರೆ ದಾಖಲೆಯ ಟಿಟಿಎಲ್ (ಹಳೆಯ ಪ್ರತಿಯನ್ನು ಇತರರು ಇಟ್ಟುಕೊಳ್ಳುವ ಅವಧಿ) 86400 ಸೆಕೆಂಡು ಇದ್ದದ್ದರಿಂದ ಒಂದು ದಿನ ಉಗುರು ಕಚ್ಚುತ್ತ ಕುಳಿತೆ. ಮೊದಲೇ 300ಕ್ಕೆ ಇಳಿಸಿಟ್ಟುಕೊಳ್ಳಿ. ಕಳೆದುಹೋದ ನಂಬಿಕೆ ಮರಳಲು ಮೂರು ವಾರ ಬೇಕಾಯಿತು. ಆ ದಿನಗಳಲ್ಲಿ ಯಾರಿಗೆ ಮೊದಲು, ದಿನಕ್ಕೆ ಎಷ್ಟು ಕಳಿಸಿದೆ ಎಂಬುದು ನನ್ನಲ್ಲೇ ಇರಲಿ.

ಈಗ ಪ್ರತಿ ಸೋಮವಾರ ವರದಿ ಓದುತ್ತೇನೆ. ಮೊನ್ನೆ ನಮ್ಮ ಹೆಸರಿನಲ್ಲಿ ಪತ್ರ ಕಳಿಸುವ ಗುರುತಿಲ್ಲದ ಐಪಿ ಒಂದು ಸಿಕ್ಕಿತು. ಹುಡುಕಿದರೆ ಲೆಕ್ಕಪತ್ರ ವಿಭಾಗದವರು ನನಗೆ ಹೇಳದೆ ಕೊಂಡ ರಿಲೇ ಸೇವೆ.