ಓಡಿಸುವ ಮೊದಲು ಊಹಿಸಿ: ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಓದುವ ಬಗೆ

ಕಂಪ್ಯೂಟರ್ ವಿಜ್ಞಾನದ ಪದವಿಗೆ ಸೇರುವ ಹೆಚ್ಚಿನ ವಿದ್ಯಾರ್ಥಿಗಳು ಪ್ರೋಗ್ರಾಮ್ ಬರೆಯುವುದನ್ನು ಕಲಿಯಲೆಂದೇ ಬರುತ್ತಾರೆ. ಬಂದ ಕೆಲವೇ ವಾರಗಳಲ್ಲಿ ಗಣಗಳು, ಸತ್ಯ ಕೋಷ್ಟಕಗಳು, ಇಂಡಕ್ಷನ್ ವಿಧಾನದ ರುಜುವಾತುಗಳು ಎದುರಾದಾಗ, ದಾರಿ ತಪ್ಪಿ ಗಣಿತದ ತರಗತಿಯೊಳಗೆ ಕಾಲಿಟ್ಟೆವೇನೋ ಎಂದು ಗಲಿಬಿಲಿಗೊಳ್ಳುತ್ತಾರೆ. ನಾನು ಓದುವಾಗಲೂ ಹೀಗೆಯೇ ಆಗಿತ್ತು; ಇದೆಲ್ಲ ಏಕೆ ಎಂದು ಕೇಳಿದರೆ ‘ಮುಂದೆ ಬೇಕಾಗುತ್ತದೆ’ ಎಂಬ ಉತ್ತರ ಸಿಗುತ್ತಿತ್ತೇ ಹೊರತು, ಯಾವುದಕ್ಕೆ ಬೇಕಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಒಂದು ಪ್ರೋಗ್ರಾಮನ್ನು ಓಡಿಸುವ ಮೊದಲೇ ಅದು ಏನು ಮಾಡುತ್ತದೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಎಲ್ಲಿ ಎಡವುತ್ತದೆ ಎಂದು ಹೇಳಬಲ್ಲವರಾಗುವುದಕ್ಕೆ ಈ ಎಲ್ಲ ವಿಷಯಗಳೂ ಇವೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಈ ಬರಹ ಆ ಎರಡು ವರ್ಷಗಳನ್ನು ಉಳಿಸಿಕೊಳ್ಳಬಯಸುವವರಿಗಾಗಿ.

ಮೊದಲ ವರ್ಷ: ಕಾಗದವೇ ಯಂತ್ರ

ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಪುಟವನ್ನೂ ಮೂರು ಕಾಲಂಗಳಾಗಿ ಗೆರೆ ಹಾಕಿ: ಮೊದಲನೆಯದರಲ್ಲಿ ಪ್ರೋಗ್ರಾಮ್ ಕೊಡುವ ಉತ್ತರದ ಬಗ್ಗೆ ನಿಮ್ಮ ಊಹೆ, ಎರಡನೆಯದರಲ್ಲಿ ನಿಜವಾಗಿ ಬಂದ ಉತ್ತರ, ಮೂರನೆಯದರಲ್ಲಿ ಎರಡೂ ಬೇರೆಯಾಗಿದ್ದರೆ ಅದರ ಕಾರಣ. ಮೊದಲ ಕಾಲಂ ತುಂಬುವವರೆಗೆ ರನ್ ಬಟನ್ ಒತ್ತಬಾರದು. ಲ್ಯಾಬಿನಲ್ಲಿ ಸುತ್ತಲಿನವರೆಲ್ಲ ಮುಗಿಸಿ ಎದ್ದು ಹೋಗುತ್ತಿರುವಾಗ ಹೀಗೆ ಬರೆಯುತ್ತ ಕೂರುವುದು ಮುಜುಗರವೆನಿಸುತ್ತದೆ, ನಿಜ. ಆದರೆ ಊಹಿಸದೆ ಓಡಿಸಿದ ಪ್ರೋಗ್ರಾಮ್ ಸರಿಯಾದ ಉತ್ತರ ಕೊಟ್ಟರೂ ಅದರಿಂದ ನೀವು ಕಲಿತದ್ದು ಕಡಿಮೆ.

ಒಂದು ಸಣ್ಣ ಉದಾಹರಣೆಯನ್ನು ನೋಡೋಣ. ಹತ್ತು ಅಂಕಿಗಳನ್ನು ಸಾಲಾಗಿ ಇಟ್ಟ ಒಂದು ಅರೇ ಇದೆ. ಅದರ ಸ್ಥಾನಗಳು 0 ಇಂದ 9ರವರೆಗೆ. ಅಂಕಿಗಳ ಮೊತ್ತ ಕಾಣಲು ಬರೆದ ಲೂಪಿನ (ಮತ್ತೆ ಮತ್ತೆ ಓಡುವ ಸಾಲುಗಳ) ಷರತ್ತಿನಲ್ಲಿ ‘10ಕ್ಕಿಂತ ಕಡಿಮೆ’ ಎಂದು ಬರೆಯುವ ಬದಲು ‘10 ಅಥವಾ ಅದಕ್ಕಿಂತ ಕಡಿಮೆ’ ಎಂದು ಬರೆದುಬಿಟ್ಟಿದ್ದೀರಿ. ಜಾವಾ ಮತ್ತು ಪೈಥಾನ್ ಭಾಷೆಗಳಲ್ಲಿ ಹನ್ನೊಂದನೆಯ ಸುತ್ತಿಗೆ ಪ್ರೋಗ್ರಾಮ್ ನಿಂತು ತಪ್ಪನ್ನು ತೋರಿಸುತ್ತದೆ. ಸಿ ಭಾಷೆಯಲ್ಲಿ ಹಾಗೆ ನಿಲ್ಲುವ ಖಾತ್ರಿಯಿಲ್ಲ. ಅರೇಯ ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಒಂದು ಅಂಕಿಯೆಂದು ಓದಿ, ಮೊತ್ತಕ್ಕೆ ಸೇರಿಸಿ, ಏನೂ ಆಗದವರಂತೆ ಮುಂದುವರಿಯಬಹುದು. ಪಕ್ಕದಲ್ಲಿ ಸೊನ್ನೆಯೇ ಇದ್ದರೆ ಉತ್ತರವೂ ಸರಿಯಾಗಿಯೇ ಬರುತ್ತದೆ, ತಪ್ಪು ಅಲ್ಲಿಯೇ ಅಡಗಿ ಕೂರುತ್ತದೆ. ಲೂಪಿನ ಮೊದಲ ಸುತ್ತು ಮತ್ತು ಕೊನೆಯ ಸುತ್ತುಗಳಲ್ಲಿ ಪ್ರತಿಯೊಂದು ವೇರಿಯಬಲ್‌ನ ಬೆಲೆಯನ್ನು ಕಾಗದದ ಮೇಲೆ ಬರೆದವರಿಗೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಜೋಡಿಸಿಡುವ ಬಗೆಗಳು) ಬಂದಾಗ ಬೆಲೆಗಳ ಜೊತೆಗೆ ಚಿತ್ರವನ್ನೂ ಬಿಡಿಸಬೇಕು. ಲಿಂಕ್ಡ್ ಲಿಸ್ಟ್ ಎಂದರೆ ಒಂದರ ವಿಳಾಸವನ್ನು ಇನ್ನೊಂದು ಹಿಡಿದುಕೊಂಡು ಸಾಲಾಗಿ ನಿಂತ ಪೆಟ್ಟಿಗೆಗಳು; ಆ ವಿಳಾಸವನ್ನು ಚಿತ್ರದಲ್ಲಿ ಬಾಣವಾಗಿ ಬರೆಯುತ್ತೇವೆ. ನಡುವೆ ಹೊಸ ಪೆಟ್ಟಿಗೆಯೊಂದನ್ನು ಸೇರಿಸಲು ಎರಡು ಸಾಲು ಸಾಕು: ಹೊಸ ಪೆಟ್ಟಿಗೆಯ ಬಾಣವನ್ನು ಮುಂದಿನದರ ಕಡೆಗೆ ತಿರುಗಿಸುವುದು, ಬಳಿಕ ಹಿಂದಿನದರ ಬಾಣವನ್ನು ಹೊಸದರ ಕಡೆಗೆ ತಿರುಗಿಸುವುದು. ನಾನು ಇವೆರಡನ್ನೂ ಅದಲು ಬದಲು ಮಾಡಿ ಬರೆದಿದ್ದೆ. ಹಿಂದಿನ ಪೆಟ್ಟಿಗೆಯ ಬಾಣ ಮೊದಲೇ ಹೊಸದರ ಕಡೆಗೆ ತಿರುಗಿದ್ದರಿಂದ, ‘ಹಿಂದಿನದು ಯಾವುದನ್ನು ತೋರಿಸುತ್ತಿದೆಯೋ ಅದನ್ನು ನೀನೂ ತೋರಿಸು’ ಎಂದಾಗ ಹೊಸ ಪೆಟ್ಟಿಗೆ ತನ್ನನ್ನು ತಾನೇ ತೋರಿಸಿಕೊಂಡು ನಿಂತಿತು. ಅದರ ಮುಂದಿದ್ದ ಪೆಟ್ಟಿಗೆಗಳ ವಿಳಾಸ ಯಾರ ಬಳಿಯೂ ಉಳಿಯಲಿಲ್ಲ. ಪರದೆಯ ಮೇಲೆ ಹೊಸ ಪೆಟ್ಟಿಗೆಯಲ್ಲಿದ್ದ 42 ಎಂಬ ಒಂದೇ ಅಂಕಿ ಜಲಪಾತದಂತೆ ಇಳಿಯುವುದನ್ನು ನೋಡುತ್ತ ಇಡೀ ಲ್ಯಾಬ್ ಅವಧಿಯನ್ನು ಕಳೆದೆ. ಮನೆಗೆ ಬಂದು ಮೂರು ಪೆಟ್ಟಿಗೆ, ಮೂರು ಬಾಣ ಬರೆದ ಕೂಡಲೇ ಕಾರಣ ತಿಳಿಯಿತು.

ಯಾವ ಭಾಷೆಯಿಂದ ಆರಂಭಿಸಬೇಕು ಎಂಬ ಚರ್ಚೆಗೆ ಕೊನೆಯಿಲ್ಲ, ಅದಕ್ಕೆ ಹೆಚ್ಚು ಹೊತ್ತು ಕೊಡುವ ಅಗತ್ಯವೂ ಇಲ್ಲ. ಪಠ್ಯಕ್ರಮ ಯಾವುದನ್ನು ಕೊಟ್ಟಿದೆಯೋ ಅದನ್ನೇ ಚೆನ್ನಾಗಿ ಕಲಿಯಿರಿ. ಆದರೆ ಪದವಿ ಮುಗಿಯುವುದರೊಳಗೆ ಒಮ್ಮೆಯಾದರೂ 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಕೆಲಸ ಮಾಡಿ. ಮೆಮೊರಿಯನ್ನು ನೀವೇ ಕೇಳಿ ಪಡೆದು ನೀವೇ ಹಿಂದಿರುಗಿಸಬೇಕಾದ ಆ ಶಿಸ್ತು ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ.

ದೋಷ ಸಂದೇಶಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಿದಾಗ (ಯಂತ್ರದ ಭಾಷೆಗೆ ಬದಲಿಸುವಾಗ) ನಲವತ್ತು ದೋಷಗಳು ಬಂದರೆ ಮೊದಲನೆಯದನ್ನು ಮಾತ್ರ ಓದಿ, ಸರಿಪಡಿಸಿ, ಮತ್ತೆ ಕಂಪೈಲ್ ಮಾಡಿ. ಉಳಿದವುಗಳಲ್ಲಿ ಬಹಳಷ್ಟು ಅದೊಂದರ ಮರಿಗಳಾಗಿರುತ್ತವೆ. ಪೈಥಾನ್‌ನಲ್ಲಿ ಇದಕ್ಕೆ ತಿರುಗುಮುರುಗಾಗಿ ಕೊನೆಯ ಸಾಲಿನಿಂದ ಓದಲು ಆರಂಭಿಸಿ ಮೇಲಕ್ಕೆ ಹೋಗಬೇಕು.

ಗಣಿತವನ್ನು ಎಲ್ಲಿ ಜೋಡಿಸಿಕೊಳ್ಳಬೇಕು

ಇಂಡಕ್ಷನ್ ಮತ್ತು ರಿಕರ್ಷನ್ (ಫಂಕ್ಷನ್ ತನ್ನನ್ನು ತಾನೇ ಕರೆಯುವುದು) ಒಂದೇ ವಿಚಾರದ ಎರಡು ಮುಖಗಳು. ಚಿಕ್ಕ ಪ್ರಶ್ನೆಗೆ ಉತ್ತರ ಸರಿಯಿದೆ, ಒಂದು ಹಂತದಿಂದ ಮುಂದಿನ ಹಂತಕ್ಕೆ ಹೋಗುವ ದಾರಿಯೂ ಸರಿಯಿದೆ ಎಂದಾದರೆ ಎಲ್ಲ ಹಂತಗಳಿಗೂ ಸರಿ. ತರಗತಿಯಲ್ಲಿ ಇವೆರಡನ್ನು ಬೇರೆ ಬೇರೆ ಸೆಮಿಸ್ಟರುಗಳಲ್ಲಿ, ಬೇರೆ ಬೇರೆ ಅಧ್ಯಾಪಕರು ಕಲಿಸಿದರೂ ನೀವು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ ಫಿಬೊನಾಚಿ ಸರಣಿಯ 40ನೆಯ ಸಂಖ್ಯೆಯನ್ನು ಸರಳ ರಿಕರ್ಷನ್‌ನಿಂದ ಲೆಕ್ಕ ಹಾಕುವ ಫಂಕ್ಷನ್ ಒಟ್ಟು ಎಷ್ಟು ಸಲ ತನ್ನನ್ನು ತಾನೇ ಕರೆಯುತ್ತದೆ ಎಂದು ಊಹಿಸಿ ನೋಡಿ. ನನ್ನ ಊಹೆ ಕೆಲವು ಸಾವಿರ ಎಂದಿತ್ತು. 0 ಮತ್ತು 1ನೆಯ ಸ್ಥಾನಗಳಲ್ಲಿ ನಿಲ್ಲುವಂತೆ ಬರೆದ ಫಂಕ್ಷನ್‌ನ ಕರೆಗಳ ನಿಜವಾದ ಲೆಕ್ಕ 33,11,60,281. ಒಮ್ಮೆ ಸಿಕ್ಕ ಉತ್ತರವನ್ನು ಬರೆದಿಟ್ಟುಕೊಂಡು ಮತ್ತೆ ಬಳಸಿದರೆ 41 ಬೆಲೆಗಳನ್ನು ಮಾತ್ರ ಕಂಡುಹಿಡಿದರೆ ಸಾಕು. ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಅಧ್ಯಾಯದ ತಿರುಳು ಇಷ್ಟೇ, ಹೆಸರಿಗೆ ಹೆದರಬೇಕಾದ್ದಿಲ್ಲ.

ಅಲ್ಗಾರಿದಮ್‌ಗಳ ವೇಗದ ಸೂತ್ರಗಳನ್ನು ಬಾಯಿಪಾಠ ಮಾಡುವವರು ಅವುಗಳಲ್ಲಿ ಅಂಕಿಗಳನ್ನು ತುಂಬಿ ನೋಡುವುದಿಲ್ಲ. ತುಂಬಿ ನೋಡಿ. 10 ಲಕ್ಷ ದಾಖಲೆಗಳನ್ನು ಕ್ರಮವಾಗಿ ಜೋಡಿಸಬೇಕಾಗಿದೆ, ನಿಮ್ಮ ಯಂತ್ರ ಸೆಕೆಂಡಿಗೆ 10 ಕೋಟಿ ಸರಳ ಹೆಜ್ಜೆಗಳನ್ನು ಇಡುತ್ತದೆ ಎಂದಿಟ್ಟುಕೊಳ್ಳೋಣ. ದಾಖಲೆಗಳ ಸಂಖ್ಯೆಯ ವರ್ಗದಷ್ಟು ಹೆಜ್ಜೆ ಕೇಳುವ ವಿಧಾನಕ್ಕೆ 1 ಲಕ್ಷ ಕೋಟಿ ಹೆಜ್ಜೆಗಳು, ಅಂದರೆ ಸುಮಾರು ಎರಡು ಮುಕ್ಕಾಲು ಗಂಟೆ ಬೇಕು. ಪಟ್ಟಿಯನ್ನು ಅರ್ಧರ್ಧವಾಗಿ ಒಡೆದು ಜೋಡಿಸುವ ಮರ್ಜ್ ಸಾರ್ಟ್‌ನಂಥ ವಿಧಾನಕ್ಕೆ ಸುಮಾರು 2 ಕೋಟಿ ಹೆಜ್ಜೆ, ಅಂದರೆ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಹೀಗೆ ಜೋಡಿಸಿದ ಪಟ್ಟಿಯಲ್ಲಿ ಬೈನರಿ ಸರ್ಚ್ ಮಾಡಿದರೆ, ಪ್ರತಿ ಸಲವೂ ಅರ್ಧವನ್ನು ಕೈಬಿಡುತ್ತ ಹೋಗುವುದರಿಂದ, 20 ಸುತ್ತುಗಳಲ್ಲಿ ಹುಡುಕಾಟ ಮುಗಿಯುತ್ತದೆ. ಇಂಥ ಲೆಕ್ಕ ಒಮ್ಮೆ ಕೈಯಾರೆ ಮಾಡಿದ ಮೇಲೆ ಸೂತ್ರ ಮರೆಯುವುದಿಲ್ಲ.

ರುಜುವಾತು ಸಿಕ್ಕಿತೆಂದು ನಿಶ್ಚಿಂತರಾಗಲೂ ಬಾರದು. ಬೈನರಿ ಸರ್ಚ್‌ನಲ್ಲಿ ನಡುವಿನ ಸ್ಥಾನವನ್ನು ಕಂಡುಹಿಡಿಯಲು ಎರಡೂ ತುದಿಗಳ ಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ರೂಢಿ. ಗಣಿತದಲ್ಲಿ ಇದು ಸರಿ. ಜಾವಾದ ಸಾಮಾನ್ಯ ಪೂರ್ಣಾಂಕದ ಗರಿಷ್ಠ ಮಿತಿ ಮಾತ್ರ 2,14,74,83,647. ಅರೇ ನೂರು ಕೋಟಿಗೂ ಮಿಕ್ಕಿ ದೊಡ್ಡದಾದಾಗ ಕೂಡಿಸಿದ ಮೊತ್ತ ಆ ಮಿತಿಯನ್ನು ದಾಟಿ ಋಣ ಸಂಖ್ಯೆಯಾಗಿಬಿಡುತ್ತದೆ. ಜಾವಾದ ಅಧಿಕೃತ ಲೈಬ್ರರಿಯಲ್ಲಿಯೇ ಈ ದೋಷ ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು. ಆ ಕೋಡನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ವಿವರಿಸಿದರು. ತುದಿಗಳ ವ್ಯತ್ಯಾಸದ ಅರ್ಧವನ್ನು ಕೆಳತುದಿಗೆ ಕೂಡಿಸಿದರೆ ಸಮಸ್ಯೆಯೇ ಹುಟ್ಟುವುದಿಲ್ಲ. ಗಣಿತದ ಪೂರ್ಣಾಂಕ ಬೇರೆ, ಯಂತ್ರದ ಪೂರ್ಣಾಂಕ ಬೇರೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪಾಠ ನನಗೆ ಸಿಕ್ಕಿಲ್ಲ.

ಊಹೆ ಕೈಕೊಡುವ ಜಾಗಗಳು

ನಡುವಿನ ವರ್ಷಗಳಲ್ಲಿ ಕಂಪ್ಯೂಟರ್ ಆರ್ಕಿಟೆಕ್ಚರ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಡೇಟಾಬೇಸ್ ಒಟ್ಟೊಟ್ಟಿಗೆ ಮೈಮೇಲೆ ಬರುತ್ತವೆ. ಪದಗಳ ರಾಶಿ ಹೆಚ್ಚು, ಹೊತ್ತು ಕಡಿಮೆ. ಇಲ್ಲಿ ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪ್ರತಿ ಅಧ್ಯಾಯಕ್ಕೂ ಒಂದು ಪುಟ್ಟ ಪ್ರಯೋಗ ಕಟ್ಟಿಕೊಳ್ಳುವುದು ಮೇಲು. ಪೈಥಾನ್‌ನ ಲೂಪ್ ಒಂದರಲ್ಲಿ 0.1 ಅನ್ನು ಹತ್ತು ಸಲ ಕೂಡಿಸಿ. ಬರುವ ಉತ್ತರ 1 ಅಲ್ಲ, 0.9999999999999999. ದಶಮಾಂಶ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು ಬರೆದು ಮುಗಿಸಲಾಗದಂತೆ, ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದು ಭಾಗವನ್ನು ಬರೆದು ಮುಗಿಸಲಾಗುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹಣದ ಲೆಕ್ಕವನ್ನು ಇಂಥ ಸಂಖ್ಯೆಗಳಲ್ಲಿ ಇಡಬಾರದೆಂಬ ಎಚ್ಚರಿಕೆ ಹುಟ್ಟಿದ್ದು ಇಲ್ಲಿಂದಲೇ.

ಇನ್ನೊಂದು ಪ್ರಯೋಗವನ್ನಂತೂ ತಪ್ಪಿಸಬೇಡಿ. ಸಿ ಭಾಷೆಯಲ್ಲಿ ಎರಡು ಥ್ರೆಡ್‌ಗಳನ್ನು (ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎಳೆಗಳನ್ನು) ಹುಟ್ಟಿಸಿ, ಎರಡೂ ಒಂದೇ ಎಣಿಕೆಯನ್ನು ತಲಾ 1 ಲಕ್ಷ ಸಲ ಒಂದೊಂದಾಗಿ ಹೆಚ್ಚಿಸಲಿ; ಕಂಪೈಲರ್‌ನ ಆಪ್ಟಿಮೈಸೇಶನ್ (ವೇಗಕ್ಕಾಗಿ ಕೋಡನ್ನು ತಾನೇ ಬದಲಿಸುವ ಸೌಲಭ್ಯ) ಆಫ್ ಆಗಿರಲಿ. 2 ಲಕ್ಷ ಎಂದು ನೋಟ್‌ಬುಕ್ಕಿನಲ್ಲಿ ಬರೆದಿರುತ್ತೀರಿ. ಬರುವ ಉತ್ತರ ಬಹುತೇಕ ಅದಕ್ಕಿಂತ ಕಡಿಮೆ, ಅದೂ ಓಡಿಸಿದ ಪ್ರತಿ ಸಲ ಬೇರೆ ಬೇರೆ. ‘ಒಂದು ಹೆಚ್ಚಿಸು’ ಎಂಬ ಒಂದು ಸಾಲು ಯಂತ್ರದ ಮಟ್ಟದಲ್ಲಿ ಓದು, ಕೂಡಿಸು, ಬರೆ ಎಂಬ ಮೂರು ಹೆಜ್ಜೆಗಳಾಗಿ ಒಡೆಯುತ್ತದೆ; ಎರಡೂ ಥ್ರೆಡ್‌ಗಳು ಒಂದೇ ಹಳೆಯ ಬೆಲೆಯನ್ನು ಓದಿಕೊಂಡರೆ ಎರಡರ ಕೆಲಸದಿಂದ ಒಂದೇ ಹೆಚ್ಚಳ ಉಳಿಯುತ್ತದೆ. ನೋಟ್‌ಬುಕ್ಕಿನ ಮೊದಲ ಕಾಲಂನಲ್ಲಿ ‘ಹೇಳಲಾಗದು’ ಎಂಬುದೇ ಸರಿಯಾದ ಉತ್ತರವಾಗುವ ಮೊದಲ ಸಂದರ್ಭ ಇದು. ಬಳಿಕ ಒಂದು ಸಲಕ್ಕೆ ಒಂದೇ ಥ್ರೆಡ್ ಎಣಿಕೆಯನ್ನು ಮುಟ್ಟುವಂತೆ ಲಾಕ್ ಹಾಕಿ ಓಡಿಸಿ. ಉತ್ತರ ನಿಖರವಾಗಿ 2 ಲಕ್ಷಕ್ಕೆ ಬಂದು ನಿಂತಾಗ ಮ್ಯೂಟೆಕ್ಸ್ ಎಂಬ ಪದಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಥಿಯರಿ ಆಫ್ ಕಂಪ್ಯುಟೇಶನ್ ವಿಷಯವನ್ನು ಅನೇಕರು ಅಂಕಗಳಿಗಾಗಿ ಓದಿ ಬಿಟ್ಟುಬಿಡುತ್ತಾರೆ. ಆದರೆ ಇಡೀ ಪದವಿಯ ಅತ್ಯಂತ ಸೊಗಸಾದ ವಿಚಾರ ಇರುವುದು ಅಲ್ಲಿಯೇ ಎಂದು ನನ್ನ ಎಣಿಕೆ. ಯಾವುದೇ ಪ್ರೋಗ್ರಾಮನ್ನು ಕೊಟ್ಟರೂ ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳಬಲ್ಲ ಒಂದು ಪ್ರೋಗ್ರಾಮ್ ಇದೆಯೆಂದು ಇಟ್ಟುಕೊಳ್ಳಿ. ಅದನ್ನೇ ಒಳಗಿಟ್ಟುಕೊಂಡು, ಅದು ‘ನಿಲ್ಲುತ್ತದೆ’ ಎಂದರೆ ನಿಲ್ಲದೆ ಓಡುವ, ‘ನಿಲ್ಲುವುದಿಲ್ಲ’ ಎಂದರೆ ಕೂಡಲೇ ನಿಲ್ಲುವ ಇನ್ನೊಂದು ಹಟಮಾರಿ ಪ್ರೋಗ್ರಾಮನ್ನು ಬರೆದು, ಆ ಹಟಮಾರಿಗೆ ಅದನ್ನೇ ಉಣಿಸಿದರೆ, ಮೊದಲ ಪ್ರೋಗ್ರಾಮ್ ಏನು ಹೇಳಿದರೂ ಸುಳ್ಳಾಗುತ್ತದೆ; ಅಂದರೆ ಅಂಥ ಪ್ರೋಗ್ರಾಮ್ ಇರಲು ಸಾಧ್ಯವೇ ಇಲ್ಲ. ಈ ಬಗೆಯ ಮಿತಿಯನ್ನು ಅಲನ್ ಟ್ಯೂರಿಂಗ್ ತೋರಿಸಿಕೊಟ್ಟದ್ದು 1936ರಲ್ಲಿ, ಇಂದಿನ ರೀತಿಯ ಕಂಪ್ಯೂಟರುಗಳು ಇನ್ನೂ ಹುಟ್ಟದ ಕಾಲದಲ್ಲಿ. ಈ ರುಜುವಾತನ್ನು ಪುಸ್ತಕ ಮುಚ್ಚಿಟ್ಟು ಸಹಪಾಠಿಯೊಬ್ಬರಿಗೆ ಹೇಳಿ ನೋಡಿ. ಅವರು ಎಲ್ಲಿ ಹುಬ್ಬುಗಂಟಿಕ್ಕುತ್ತಾರೋ ಅಲ್ಲಿ ನಿಮಗೂ ಸರಿಯಾಗಿ ಅರ್ಥವಾಗಿಲ್ಲ.

ಪರೀಕ್ಷೆ, ಸಹಾಯ, ಪ್ರಾಜೆಕ್ಟ್

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದದ ಮೇಲೆ ಕೋಡ್ ಬರೆಯುವ ಅಭ್ಯಾಸ ಮೊದಲೇ ಆಗಿದ್ದರೆ ಅರ್ಧ ಕೆಲಸ ಮುಗಿದಂತೆ; ಉಳಿದರ್ಧಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳಿವೆ.

ಸಿಕ್ಕಿಹಾಕಿಕೊಂಡಾಗ ಸಹಾಯ ಕೇಳಲು ನಾಚಿಕೆ ಬೇಡ, ಆದರೆ ಇನ್ನೂರು ಸಾಲುಗಳ ಪ್ರೋಗ್ರಾಮನ್ನು ಹಿರಿಯರ ಮುಂದಿಟ್ಟು ‘ಕೆಲಸ ಮಾಡುತ್ತಿಲ್ಲ’ ಎನ್ನಬೇಡಿ. ಅದೇ ತಪ್ಪು ಉಳಿದಿರುವಂತೆ ನೋಡಿಕೊಂಡು ಸಾಲುಗಳನ್ನು ಒಂದೊಂದಾಗಿ ಕಳೆಯುತ್ತ ಹದಿನೈದು ಸಾಲಿಗೆ ಇಳಿಸಿ, ಏನಾಗಬೇಕಿತ್ತು, ಏನಾಯಿತು ಎಂದು ಬರೆದುಕೊಂಡು ಹೋಗಿ. ಹೀಗೆ ಇಳಿಸುವ ದಾರಿಯಲ್ಲಿಯೇ ತಪ್ಪು ಸಿಕ್ಕು, ಕೇಳುವ ಪ್ರಮೇಯವೇ ಬಾರದಿರುವುದು ಹೆಚ್ಚು.

ಕೋಡ್ ಬರೆದುಕೊಡುವ ಎಐ ಸಾಧನಗಳ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಬಿಗಿ. ಮೊದಲ ವರ್ಷದ ಅಸೈನ್‌ಮೆಂಟುಗಳಿಗೆ ಅವನ್ನು ಮುಟ್ಟದಿರುವುದು ಒಳ್ಳೆಯದು, ಏಕೆಂದರೆ ಆ ಅಸೈನ್‌ಮೆಂಟುಗಳ ಉತ್ತರ ಜಗತ್ತಿನಲ್ಲಿ ಯಾರಿಗೂ ಬೇಕಾಗಿಲ್ಲ. ಉತ್ತರಕ್ಕೆ ತಲುಪುವ ಒದ್ದಾಟಕ್ಕಾಗಿಯೇ ಅವನ್ನು ಕೊಟ್ಟಿರುತ್ತಾರೆ. ಮುಂದಿನ ವರ್ಷಗಳಲ್ಲಿ ಬಳಸಿದರೂ, ಅದು ಕೊಟ್ಟ ಕೋಡಿಗೂ ಮೂರು ಕಾಲಂಗಳ ನಿಯಮ ಅನ್ವಯಿಸಲಿ.

ಗುಂಪಿನಲ್ಲಿ ಮಾಡುವ ಪ್ರಾಜೆಕ್ಟಿಗೆ ಮೊದಲ ದಿನವೇ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸಲು ಆರಂಭಿಸಿ. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಹೆಸರಿನ ಫೋಲ್ಡರುಗಳನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಂಡ ಗುಂಪುಗಳು ಕೊನೆಯ ರಾತ್ರಿ ಪಡುವ ಪಾಡನ್ನು ನಾನು ಕಂಡಿದ್ದೇನೆ, ಪಟ್ಟೂ ಇದ್ದೇನೆ. ಕೆಲಸ ಹಂಚುವಾಗ ಒಬ್ಬರಿಗೆ ಕೋಡ್, ಇನ್ನೊಬ್ಬರಿಗೆ ವರದಿ ಎಂದು ಕತ್ತರಿಸಬೇಡಿ. ಹಾಗೆ ಮಾಡಿದರೆ ವರದಿ ಬರೆದವರು ವೈವಾದಲ್ಲಿ ಮೌನವಾಗಿ ನಿಲ್ಲಬೇಕಾಗುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಭಾಗದ ಕೋಡ್, ಅದರ ಪರೀಕ್ಷೆ, ಅದರ ವಿವರಣೆ ಮೂರೂ ಇರಲಿ.

ವೈವಾದಲ್ಲಿ ಪರೀಕ್ಷಕರು ಸಾಮಾನ್ಯವಾಗಿ ಯಾವುದೋ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇದನ್ನು ತೆಗೆದರೆ ಏನಾಗುತ್ತದೆ?’ ಎಂದು ಕೇಳುತ್ತಾರೆ. ಇದಕ್ಕೆ ತಯಾರಿ ಸುಲಭ. ಒಂದು ವಾರ ಮುಂಚೆ ನಿಮ್ಮ ಭಾಗದ ಮುಖ್ಯ ಫಂಕ್ಷನ್‌ಗಳನ್ನು ತೆರೆದು, ಒಂದೊಂದೇ ಸಾಲನ್ನು ಕಾಮೆಂಟ್ ಮಾಡುತ್ತ (ಓಡದಂತೆ ಮರೆಮಾಡುತ್ತ), ಏನು ಕೆಡುತ್ತದೆ ಎಂದು ಮೊದಲು ಬರೆದು, ಬಳಿಕ ಓಡಿಸಿ ನೋಡಿ. ನಾನು ಹೀಗೆ ಮಾಡಿದಾಗ ಹದಿನಾಲ್ಕು ಸಾಲುಗಳನ್ನು ತೆಗೆದರೂ ಏನೂ ಕೆಡಲಿಲ್ಲ. ಅವು ಅಲ್ಲಿ ಏಕಿದ್ದವು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಳಿಸಿ, ಪ್ರಾಜೆಕ್ಟ್ ಒಪ್ಪಿಸಿದೆ.