ಜೆರಾಕ್ಸ್ ಅಂಗಡಿಯಲ್ಲಿ ಕಲಿತ ಲಿನಕ್ಸ್

ನಮ್ಮದು ಹಾಸನದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಜೊತೆಗೆ ಜೆರಾಕ್ಸು. ನಾನು ಓದಿದ್ದು ಬಿ.ಕಾಂ. ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಬಹುದಾದ ಲಿನಕ್ಸ್ ಕಡೆ 2016ರಲ್ಲಿ ಬಂದದ್ದು ಸ್ವತಂತ್ರ ತಂತ್ರಾಂಶದ ಮೇಲಿನ ಪ್ರೀತಿಯಿಂದ ಅಲ್ಲ, ಪೆನ್‌ಡ್ರೈವ್ ಕಾಟ ತಡೆಯಲಾರದೆ.

ಪ್ರಾಜೆಕ್ಟ್ ಕೊಡುವ ಸಮಯ ಬಂತೆಂದರೆ ಅಂಗಡಿ ಮುಂದೆ ಹುಡುಗರ ಸಾಲು. ಎಲ್ಲರ ಕೈಯಲ್ಲೂ ಪೆನ್‌ಡ್ರೈವ್, ಸುಮಾರು ಜನರದ್ದರಲ್ಲಿ ಶಾರ್ಟ್‌ಕಟ್ ವೈರಸ್. ಚುಚ್ಚಿದರೆ ಫೋಲ್ಡರ್ ಇರಬೇಕಾದ ಕಡೆ ಒಂದು ಶಾರ್ಟ್‌ಕಟ್ ಕೂತಿರುತ್ತಿತ್ತು. ಅದನ್ನು ಒತ್ತಿದರೆ ನಮ್ಮ ಮಷೀನಿಗೂ ಅಂಟಿತು ಅಂತಲೇ ಲೆಕ್ಕ. ತಿಂಗಳಿಗೊಂದು ಸಲ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸುತ್ತಿದ್ದೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಭಾಮೈದ ಒಂದು ಭಾನುವಾರ ಬಂದವನು, ಮೂಲೆಯಲ್ಲಿ ಬಿದ್ದಿದ್ದ 2 ಜಿಬಿ ರ‍್ಯಾಮಿನ ಹಳೇ ಮಷೀನಿಗೆ ಲುಬುಂಟು 16.04 ಅನ್ನುವ ಹಗುರವಾದ ಲಿನಕ್ಸ್ ಹಾಕಿಕೊಟ್ಟ. "ಭಾವ, ಪೆನ್‌ಡ್ರೈವ್‌ಗಳನ್ನ ಇನ್ಮೇಲೆ ಇದಕ್ಕೆ ಚುಚ್ಚಿ" ಅಂದ. ಚುಚ್ಚಿದೆ. ವಿಂಡೋಸ್‌ನಲ್ಲಿ ಕಾಣದಿದ್ದದ್ದೆಲ್ಲ ಇಲ್ಲಿ ಬಟಾಬಯಲು. ಆ ಸುಳ್ಳು ಶಾರ್ಟ್‌ಕಟ್ಟು, ಪಕ್ಕದಲ್ಲೇ ವೈರಸ್ಸಿನ ಸ್ಕ್ರಿಪ್ಟ್ ಫೈಲು, ಆಮೇಲೆ ಹೆಸರೇ ಇಲ್ಲದ ಒಂದು ಫೋಲ್ಡರು. ಅದರೊಳಗೆ ಹುಡುಗನ ಪ್ರಾಜೆಕ್ಟ್ ಸುರಕ್ಷಿತವಾಗಿ ಕೂತಿತ್ತು. ಪೆನ್‌ಡ್ರೈವಿನಲ್ಲಿ ಫೋಲ್ಡರಿಗೆ 'ಬಚ್ಚಿಡು' ಅಂತ ವೈರಸ್ ಹಾಕುವ ಗುರುತನ್ನು ಲಿನಕ್ಸ್ ಲೆಕ್ಕಕ್ಕೇ ಇಡುವುದಿಲ್ಲ, ಅಷ್ಟೇ ಗುಟ್ಟು. ಹೊರಗೆ ನಿಂತಿದ್ದ ಹುಡುಗ ನನ್ನನ್ನು ಮಂತ್ರವಾದಿ ನೋಡಿದ ಹಾಗೆ ನೋಡಿದ.

ಕನ್ನಡ ಟೈಪಿಂಗ್ ಬಗ್ಗೆ ಭಯ ಇತ್ತು, ಅದು ಅರ್ಧ ಗಂಟೆಯಲ್ಲಿ ಮುಗಿಯಿತು. ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದ ಜೊತೆ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಹಾಕಿದರೆ ನುಡಿ ತಂತ್ರಾಂಶದಲ್ಲಿ ಬಳಸುತ್ತಿದ್ದ ಕಗಪ ಕೀಲಿಮಣೆಯೇ ಸಿಗುತ್ತದೆ. ಒತ್ತಕ್ಷರಕ್ಕೆ ಅದೇ ಎಫ್ ಕೀ, ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ತಲೆನೋವು ಬೇರೆ ಕಡೆ ಇತ್ತು. ನಮ್ಮ ಹಳೇ ಲಗ್ನಪತ್ರಿಕೆಗಳೆಲ್ಲ ಯೂನಿಕೋಡ್ ಅಲ್ಲದ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಫಾಂಟುಗಳಲ್ಲಿದ್ದವು. ಇಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಆ ಕೆಲಸ ಇವತ್ತಿಗೂ ಪಕ್ಕದ ವಿಂಡೋಸ್ ಮಷೀನಿನಲ್ಲಿ ಕೋರೆಲ್‌ಡ್ರಾದಲ್ಲೇ ನಡೆಯುತ್ತದೆ. ಎಲ್ಲಾನೂ ಲಿನಕ್ಸ್‌ನಲ್ಲೇ ಮಾಡ್ತೀನಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಅಲ್ಲಿಯವರೆಗೆ ನಾನು ಬರೀ ಬಳಸುವವನು. ಅಡ್ಮಿನ್ ಆದದ್ದು 2019ರಲ್ಲಿ. ಮೂರು ಮಷೀನಿಗೂ ಒಂದೇ ಕಡೆ ಫೈಲ್ ಇರಲಿ ಅಂತ ಡೆಬಿಯನ್ 10 ಅನ್ನುವ ಇನ್ನೊಂದು ಲಿನಕ್ಸ್ ಹಾಕಿ, ಸಾಂಬಾ ಅನ್ನುವ ಸರ್ವರ್ ಕೂರಿಸಿದೆ. ನೆಟ್‌ವರ್ಕಿನಲ್ಲಿ ವಿಂಡೋಸ್ ಮಷೀನುಗಳಿಗೂ ಫೋಲ್ಡರ್ ಹಂಚುವುದು ಅದರ ಕೆಲಸ. ಮೊದಲ ದಿನವೇ ಜಗಳ ಶುರು. ನಾನು ಮಾಡಿದ ಫೈಲನ್ನು ನಮ್ಮ ಅಂಗಡಿ ಹುಡುಗ ತಿದ್ದಲಾರ, ಅವನದ್ದನ್ನು ನಾನು ಮುಟ್ಟಲಾರೆ. ಕಲಿಯುವವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ: ಇಡೀ ಫೋಲ್ಡರಿಗೆ ಸಿಎಚ್‌ಮಾಡ್ 777, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಅನ್ನುವ ಅನುಮತಿ. ಮನೆಗೆ ಬೀಗವೂ ಬೇಡ, ಬಾಗಿಲೂ ಬೇಡ ಅಂದ ಹಾಗೆ. ಮಾರನೇ ದಿನ ಹೊಸ ಫೈಲುಗಳಿಗೆ ಮತ್ತೆ ಅದೇ ಗೋಳು. ಇದ್ದ ಫೈಲಿಗೆ ಅನುಮತಿ ಬದಲಾಯಿಸಿದರೆ ನಾಳೆ ಹುಟ್ಟುವ ಫೈಲಿಗೆ ಅದು ಬರುವುದಿಲ್ಲ, ಅಲ್ವಾ? ಇಬ್ಬರನ್ನೂ 'ಕೆಲಸ' ಅನ್ನುವ ಒಂದು ಗುಂಪಿಗೆ ಸೇರಿಸಿ, ಫೋಲ್ಡರಿಗೆ 2775 ಅನ್ನುವ ಅನುಮತಿ ಕೊಟ್ಟೆ. ಶುರುವಿನಲ್ಲಿ ಆ 2 ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲೂ ಅದೇ ಗುಂಪಿಗೆ ಸೇರುತ್ತದೆ. ಹೊಸ ಫೈಲನ್ನು ಗುಂಪಿನವರೂ ತಿದ್ದುವ ಹಾಗೆ ಸಾಂಬಾ ಸೆಟ್ಟಿಂಗಿನಲ್ಲಿ 0664 ಅಂತ ಬರೆದೆ. ಇಷ್ಟು ತಿಳಿಯಲು ನನಗೆ ಎರಡು ವಾರ ಹಿಡಿಯಿತು.

ಮಳೆಗಾಲದ ಒಂದು ಬೆಳಿಗ್ಗೆ ಸರ್ವರ್ ಏಳಲೇ ಇಲ್ಲ. ಹಿಂದಿನ ರಾತ್ರಿ ಕರೆಂಟ್ ಹೋಗಿ ಬಂದಿತ್ತು. ಸ್ಕ್ರೀನಿನ ಮೇಲೆ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಾ, ಒಂದೂವರೆ ನಿಮಿಷ ಎಣಿಸಿ, ಕೊನೆಗೆ ಕಪ್ಪು ಪರದೆ. ಭಾಮೈದನಿಗೆ ಫೋನ್ ಹಚ್ಚಿದೆ.

"ಭಾವ, ಏನು ಬರೆದಿದೆ ಓದಿ."

"ಏನೋ ಉದ್ದಕ್ಕೆ ಇಂಗ್ಲಿಷ್‌ನಲ್ಲಿ ಬಂದಿದೆ ಕಣೋ."

"ಆ ಉದ್ದದ್ದನ್ನೇ ಓದಿ."

ಓದಿದೆ. ಎಮರ್ಜೆನ್ಸಿ ಮೋಡ್‌ನಲ್ಲಿದ್ದೀರಿ, ಜರ್ನಲ್‌ಸಿಟಿಎಲ್ ಅನ್ನುವ ಕಮಾಂಡಿನಿಂದ ಲಾಗ್ ನೋಡಿ, ರೂಟ್ ಅನ್ನುವ ಯಜಮಾನ ಖಾತೆಯ ಪಾಸ್‌ವರ್ಡ್ ಕೊಡಿ ಅಂತಿತ್ತು. ಕೊಟ್ಟು ಒಳಗೆ ಹೋದರೆ ಕಾರಣ ಅಲ್ಲೇ ಇತ್ತು: ಹೊರಗಿನ ಹಾರ್ಡ್‌ಡಿಸ್ಕ್ ಸಿಗುತ್ತಿಲ್ಲ. ಮಿಂಚು ಗುಡುಗು ಅಂತ ರಾತ್ರಿ ಅದರ ವೈರನ್ನು ನಾನೇ ಕಿತ್ತಿಟ್ಟಿದ್ದೆ! ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದ ಡಿಸ್ಕುಗಳೆಲ್ಲ ಬರಲೇಬೇಕು ಅಂತ ಸಿಸ್ಟಂ ಕಾಯುತ್ತದೆ, ಬರದಿದ್ದರೆ ಮುಂದೆ ಹೋಗುವುದಿಲ್ಲ. ಆ ಸಾಲಿನಲ್ಲಿ ನೋಫೇಲ್ ಅಂತ ಒಂದು ಪದ ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಎದ್ದುಕೊಳ್ಳುತ್ತದೆ. ನ್ಯಾನೋ ಅನ್ನುವ ಎಡಿಟರಿನಲ್ಲಿ ಆ ಫೈಲು ತೆರೆದು ಸೇರಿಸಿದೆ, ರೀಸ್ಟಾರ್ಟ್ ಮಾಡಿದೆ, ಎದ್ದಿತು. ಇನ್ನೊಂದು ಮಾತು. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟರೆ ರೂಟ್ ಖಾತೆಗೆ ಬೀಗ ಬೀಳುತ್ತದೆ. ದಿನನಿತ್ಯ ರೂಟ್ ಅಧಿಕಾರ ಎರವಲು ಕೊಡುವ ಸುಡೊ ಕಮಾಂಡು ಇರುತ್ತದಾದ್ದರಿಂದ ಗೊತ್ತಾಗುವುದಿಲ್ಲ. ಆದರೆ ಇಂಥ ಹೊತ್ತಿನಲ್ಲಿ ಒಳಗೇ ಬಿಡುವುದಿಲ್ಲ, ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಬೂಟ್ ಮಾಡಬೇಕಾಗುತ್ತದೆ. ನಾನು ಅದೃಷ್ಟಕ್ಕೆ ಪಾಸ್‌ವರ್ಡ್ ಕೊಟ್ಟಿದ್ದೆ.

ಎರಡನೇ ಪೆಟ್ಟು ಇದಕ್ಕಿಂತ ಜೋರು. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಕವನ ಸಂಕಲನ ಟೈಪ್ ಮಾಡಿಸುತ್ತಿದ್ದರು. ನಮ್ಮ ಹುಡುಗ ಕೈತಪ್ಪಿ ಆ ಫೋಲ್ಡರನ್ನೇ ಅಳಿಸಿದ. ವಿಂಡೋಸ್‌ನ ಕಸದ ಬುಟ್ಟಿಯಲ್ಲಿ ಇರಬಹುದು ಅಂತ ನೋಡಿದೆವು, ಇಲ್ಲ. ಸರ್ವರಿನಿಂದ ಅಳಿಸಿದ್ದು ಆ ಬುಟ್ಟಿಗೆ ಬೀಳುವುದೇ ಇಲ್ಲ. "ಹೋಗಲಿ ಬಿಡೋ, ದಿನಾ ರಾತ್ರಿ ಬ್ಯಾಕಪ್ ಆಗ್ತಿದೆ" ಅಂತ ಧಿಮಾಕಿನಿಂದ ಬ್ಯಾಕಪ್ ಡಿಸ್ಕ್ ತೆರೆದೆ. ಖಾಲಿ. ಹಬ್ಬದ ಮಾರನೇ ದಿನದ ಸಂತೆ ಮೈದಾನದಷ್ಟು ಖಾಲಿ.

ನಾನು ಮಾಡಿದ್ದು ಇಷ್ಟು. ಫೈಲುಗಳನ್ನೆಲ್ಲ ಒಂದೇ ಗಂಟು ಕಟ್ಟುವ ಟಾರ್ ಕಮಾಂಡಿನಲ್ಲಿ ಫೈಲಿನ ಹೆಸರಿಗೆ ಆ ದಿನದ ತಾರೀಕು ಸೇರುವ ಹಾಗೆ ಬರೆದಿದ್ದೆ. ಅದರಲ್ಲಿ % ಗುರುತು ಬರುತ್ತದೆ. ಕೈಯಾರೆ ಟೈಪ್ ಮಾಡಿ ನೋಡಿದ್ದೆ, ಸರಿಯಾಗಿ ನಡೆದಿತ್ತು. ಅದನ್ನೇ ಎತ್ತಿ, ಹೇಳಿದ ಹೊತ್ತಿಗೆ ಕಮಾಂಡು ತಾನೇ ನಡೆಸುವ ಕ್ರಾನ್‌ಟ್ಯಾಬಿನಲ್ಲಿ ರಾತ್ರಿ 11ಕ್ಕೆ ಹಾಕಿದೆ. ಆದರೆ ಕ್ರಾನ್‌ಟ್ಯಾಬಿನಲ್ಲಿ % ಅಂದರೆ ಸಾಲು ಮುಗಿಯಿತು ಅಂತ ಅರ್ಥ. ಅದರ ಹಿಂದೆ ಒಂದು ಓರೆಗೆರೆ, \% ಹೀಗೆ, ಹಾಕಬೇಕು. ನನ್ನ ಕಮಾಂಡು ದಿನಾ ರಾತ್ರಿ ಅರ್ಧಕ್ಕೇ ತುಂಡಾಗಿ ಸಾಯುತ್ತಿತ್ತು. ಲಾಗ್ ತೆಗೆದು ನೋಡಿದರೆ ಅರ್ಧ ಕಮಾಂಡು, ಅದರ ಕೆಳಗೆ ಇನ್ನೊಂದು ಸಾಲು: ಮೇಲ್ ಕಳಿಸುವ ವ್ಯವಸ್ಥೆ ಇಲ್ಲ, ಬಂದ ಔಟ್‌ಪುಟ್ ಎಸೆಯುತ್ತಿದ್ದೇನೆ. ಪ್ರತಿ ರಾತ್ರಿ ಅದೇ ಎರಡು ಸಾಲು. ಮೂವತ್ತೆಂಟು ರಾತ್ರಿ ಅದು ಹೇಳಿದೆ, ನಾನು ಒಂದು ದಿನವೂ ಕೇಳಿಲ್ಲ.

ಮೇಷ್ಟ್ರು ಬೈಯಲಿಲ್ಲ. "ಮೊದಲ ಪ್ರೂಫ್ ನನ್ನ ಹತ್ರ ಇದೆ ಕಣಪ್ಪ, ತಿದ್ದಿದ್ದು ಅದರಲ್ಲೇ ಇದೆ" ಅಂದರು. ಅರುವತ್ತು ಪುಟ ಮತ್ತೆ ಟೈಪ್ ಮಾಡಿದೆ, ದುಡ್ಡು ತಗೊಳ್ಳಲಿಲ್ಲ. ಅವತ್ತು ಸಂಜೆಯೇ ಸಾಂಬಾದ ರಿಸೈಕಲ್ ಮಾಡ್ಯೂಲ್ ಹಾಕಿದೆ. ಈಗ ಅಳಿಸಿದ್ದೆಲ್ಲ ಮೊದಲು ಒಂದು ಫೋಲ್ಡರಿಗೆ ಹೋಗಿ ಬೀಳುತ್ತದೆ. ಬ್ಯಾಕಪ್ ಕಮಾಂಡನ್ನು ಕ್ರಾನ್‌ಟ್ಯಾಬಿನಿಂದ ತೆಗೆದು ಬೇರೆ ಸ್ಕ್ರಿಪ್ಟ್ ಫೈಲಿಗೆ ಹಾಕಿದೆ. ಅಲ್ಲಿ % ಬರೀ % ಅಷ್ಟೇ.

2023ರಲ್ಲಿ ಡೆಬಿಯನ್ 12 ಬಂದಾಗ ನೇರ 10ರಿಂದ ಹಾರಲು ಆಸೆಯಾಯಿತು. ಹಾಗೆ ಹಾರಬಾರದು, ನಡುವೆ 11ಕ್ಕೆ ಹೋಗಿಯೇ ಬರಬೇಕು ಅಂತ ರಿಲೀಸ್ ಟಿಪ್ಪಣಿಯಿಂದ ತಿಳಿಯಿತು. ಈ ಸಲ ಮೊದಲೇ ಓದಿದ್ದೆ. ಎರಡು ಭಾನುವಾರ ಹಿಡಿಯಿತು. ಭಾಮೈದನಿಗೆ ಫೋನ್ ಮಾಡಲಿಲ್ಲ. ಆಮೇಲೆ ಅವನೇ ಫೋನ್ ಮಾಡಿ "ಏನು ಭಾವ, ನಮ್ಮನ್ನೆಲ್ಲ ಮರೆತೇಬಿಟ್ರಾ" ಅಂದ.

ಈಗ ತಿಂಗಳ ಮೊದಲ ಶನಿವಾರ ಅಂಗಡಿ ಮುಚ್ಚುವ ಮುಂಚೆ ಯಾವುದಾದರೂ ಒಂದು ಬ್ಯಾಕಪ್ ಬಿಚ್ಚಿ, ಕಣ್ಣಿಗೆ ಬಿದ್ದ ಒಂದು ಫೈಲನ್ನು ತೆರೆದು ನೋಡುತ್ತೇನೆ. ಹೋದ ಸಲ ಸಿಕ್ಕಿದ್ದು ಯಾರದೋ ಗೃಹಪ್ರವೇಶದ ಕಾರ್ಡು. ತಾರೀಕು ನೋಡಿದರೆ ಮಾರನೇ ದಿನದ್ದೇ. ಆಗ ನೆನಪಾಯಿತು, ಅವರು ನಮ್ಮನ್ನೂ ಕರೆದಿದ್ದರು.